ಮೊಮ್ಮಗಳ ಲೆಕ್ಕದ ಕ್ಲಾಸಿನ ಕಿಟಕಿ

ನಮ್ಮ ಹುಡುಗಿ ಪಾಸಾದಳು! ಲೆಕ್ಕದಲ್ಲಿ ಪಾಸಾದಳು. ಅದೂ ಅಂಥಿಂಥ ಲೆಕ್ಕವಲ್ಲ, ಕ್ಯಾಲ್ಕುಲಸ್ ಅನ್ನುವ ಲೆಕ್ಕ. ಅದೂ ಯೂನಿವರ್ಸಿಟಿಯವರು ಇಟ್ಟ ಪರೀಕ್ಷೆಯಲ್ಲಿ, ಅದೂ ಮೊದಲನೇ ಸಲಕ್ಕೇ. ನಿನ್ನೆ ಸಂಜೆ ಸುದ್ದಿ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊಸರಿನವಳನ್ನು ನಿಲ್ಲಿಸಿ ಹೇಳಿದೆ. ಅವಳು ತಲೆಯ ಮೇಲಿನ ಗಡಿಗೆ ಇಳಿಸದೆಯೇ, "ಸಂತೋಷ ಕಣಜ್ಜಿ, ಪಾತ್ರೆ ತನ್ನಿ" ಅಂದಳು. ಎದುರು ಮನೆಯವಳಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳು ಕಸ ಚೆಲ್ಲಲು ಹೊರಗೆ ಬಂದಾಗ ಇನ್ನೊಂದು ಸಲ ಹೇಳಿದೆ. "ಆಗ್ಲೇ ಹೇಳಿದ್ರಲ್ಲಮ್ಮಾ" ಅಂದಳು. ಹೇಳಿದರೆ ಏನಾಯಿತು, ಸಿಹಿಯನ್ನು ಒಂದೇ ಸಲ ತಿನ್ನುತ್ತಾರೆಯೇ? ಈಗ ನಮ್ಮ ಬೀದಿಯಲ್ಲಿ ಈ ಸುದ್ದಿ ಕೇಳದವರು ಯಾರೂ ಉಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಶಾಲೆಗೆ ಹೋದದ್ದು ತರೀಕೆರೆಯಲ್ಲಿ, ತವರಿನಲ್ಲಿದ್ದಾಗ, ಮೂರನೇ ಕ್ಲಾಸಿನವರೆಗೆ. ಕೂಡುವುದು, ಕಳೆಯುವುದು ಬರುತ್ತದೆ. ಮಗ್ಗಿ ಇರುವವರೆಗೆ ಗುಣಿಸುವುದೂ ಬರುತ್ತದೆ. ಭಾಗಾಕಾರ ಕಲಿಸುವಷ್ಟರಲ್ಲಿ ಶಾಲೆ ಬಿಡಿಸಿದರು, ಮದುವೆ ಮಾಡಿ ಅಜ್ಜಂಪುರಕ್ಕೆ ಕಳಿಸಿದರು. ಆದ್ದರಿಂದ ಬರಹದಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂತೋಷದಲ್ಲಿ ಮಾತ್ರ ತಪ್ಪಿಲ್ಲ.

ಮೊಮ್ಮಗಳು ನನ್ನ ಮಗನ ಮಗಳು, ಮನೆಗೆ ಹಿರಿಯ ಮಗು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನಮ್ಮ ಯಜಮಾನರು ಹೋದ ಮೇಲೆ ಅಂಗಡಿಯನ್ನೂ ಮನೆಯನ್ನೂ ಮಗನೇ ನೋಡಿಕೊಳ್ಳುತ್ತಾನೆ. ಹುಡುಗಿ ಹೈಸ್ಕೂಲು, ಪಿಯುಸಿ ಎಲ್ಲ ಒಳ್ಳೆಯ ನಂಬರಿನಲ್ಲೇ ಮುಗಿಸಿದಳು. ಆಮೇಲೆ ಬಿ.ಎಸ್ಸಿ. ಓದುತ್ತೇನೆ, ಲೆಕ್ಕ ತೆಗೆದುಕೊಳ್ಳುತ್ತೇನೆ, ಲೆಕ್ಕದ ಮೇಷ್ಟರಾಗುತ್ತೇನೆ ಅಂದಳು. ಅದಕ್ಕೆ ಕಡೂರಿನ ಕಾಲೇಜಿಗೆ ಹೋಗಬೇಕು. ಬೆಳಿಗ್ಗೆ ರೈಲು ಹತ್ತಿ ಬೀರೂರು ದಾಟಿ ಕಡೂರು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಇಸವಿ ಎಪ್ಪತ್ತು ಕಳೆದು ಎಂಬತ್ತು ಬಂದರೂ ನಮ್ಮ ಕಡೆ ಹುಡುಗಿಯೊಬ್ಬಳು ದಿನಾ ರೈಲು ಹತ್ತಿ ಹೋಗಿ ಬರುವುದು ದೊಡ್ಡ ಮಾತೇ.

ಮಗ ಕೆಟ್ಟವನಲ್ಲ, ಪುಕ್ಕಲ. "ಅವ್ವಾ, ಒಬ್ಳೇ ರೈಲಲ್ಲಿ ಹೋಗದು ಬ್ಯಾಡ. ಜೊತೆಗೆ ಯಾರಾರ ದೊಡ್ಡೋರು ಹೋಗಂಗಿದ್ರೆ ಕಳಿಸ್ತೀನಿ" ಅಂದ. ಯಾರೂ ಇಲ್ಲವೆಂದು ಲೆಕ್ಕ ಹಾಕಿಯೇ ಆ ಮಾತು ಆಡಿದ್ದ. ಅವನಿಗೆ ಅಂಗಡಿ, ಸೊಸೆಗೆ ಒಲೆ, ಮೊಮ್ಮಗ ಇನ್ನೂ ಚಡ್ಡಿ ಹಾಕುವವನು.

"ನಾನು ಹೋಗ್ತೀನಿ ಕಣಪ್ಪಾ" ಅಂದೆ.

"ನೀನಾ? ಹೋಗಿ ಅಲ್ಲಿ ಏನ್ ಮಾಡ್ತೀಯ ಸಂಜೆಗಂಟ?"

"ಇಲ್ಲಿ ಏನ್ ಮಾಡ್ತೀನೋ ಅದ್ನೇ ಅಲ್ಲೂ ಮಾಡ್ತೀನಿ. ಕುಂತ್ಕಂಡು ಬತ್ತಿ ಹೊಸೀತೀನಿ."

ಹಾಗೆ ನಾನು ಕಾಲೇಜಿಗೆ ಹೋಗತೊಡಗಿದೆ. ಕೈಯಲ್ಲಿ ಬುತ್ತಿ, ಎಲೆಅಡಿಕೆ ಚೀಲ, ಒಂದು ಗಂಟು ಹತ್ತಿ. ನಮ್ಮ ಮಠದ ದೀಪಗಳಿಗೆ ಹೂಬತ್ತಿ ಹೊಸೆದು ಕೊಡುವುದು ನನ್ನ ಕೆಲಸ. ಮೊದಲ ದಿನ ಕಾಲೇಜಿನ ಜಗುಲಿಯ ಮೇಲೆ ಕೂತಿದ್ದಾಗ ಜವಾನ ಬಂದು, "ಅಜ್ಜೀ, ಇಲ್ಲಿ ಕೂರಂಗಿಲ್ಲ, ಇದು ಕಾಲೇಜು" ಅಂದ. "ನಾನೇನು ಸಂತೆ ಅಂದ್ನಾ?" ಅಂದೆ. ಆಮೇಲೆ ಅವನೇ ಒಂದು ಹಳೆಯ ಗೋಣಿಚೀಲ ತಂದು ಹಾಸಿಕೊಟ್ಟ. ಆ ಜಗುಲಿ ಲೆಕ್ಕದ ಕ್ಲಾಸಿನ ಕಿಟಕಿಯ ಕೆಳಗೇ ಇತ್ತು.

ಒಳಗೆ ಹುಡುಗರೇ ಹೆಚ್ಚು. ಹುಡುಗಿಯರು ಮುಂದಿನ ಬೆಂಚಿನಲ್ಲಿ ಮೂರು ಜನ, ನಮ್ಮವಳು ತುದಿಯಲ್ಲಿ. ಮೇಷ್ಟ್ರು ಇನ್ನೂ ವಯಸ್ಸಾಗದವರು, ಕನ್ನಡಕ ಹಾಕಿಕೊಂಡವರು, ಸೀಮೆಸುಣ್ಣದ ಪುಡಿಯಲ್ಲಿ ತೋಳೆಲ್ಲ ಬೆಳ್ಳಗಾಗಿರುತ್ತಿತ್ತು. ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದರು. ಕ್ಲಾಸಿನ ಕೊನೆಗೆ ದಿನಾ, "ಡೌಟ್ಸ್ ಇದೆಯಾ?" ಅಂತ ಕೇಳುತ್ತಿದ್ದರು. ದಿನಾ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಬೋರ್ಡು ಒರೆಸಿ ಹೋಗುತ್ತಿದ್ದರು. ಆ ಮಾತು ಎಷ್ಟು ಸಲ ಕಿವಿಗೆ ಬಿತ್ತೆಂದರೆ, ಡೌಟು ಅಂದರೆ ಅನುಮಾನ ಅಂತ ನನಗೂ ತಿಳಿಯಿತು.

ದಸರೆ ರಜೆ ಕಳೆದ ಮೇಲೆ ಕಾಲೇಜಿನಲ್ಲೇ ಒಂದು ಪರೀಕ್ಷೆ ಇಟ್ಟರು. ಹುಡುಗಿ ಉಳಿದದ್ದರಲ್ಲೆಲ್ಲ ಪಾಸಾಗಿ ಕ್ಯಾಲ್ಕುಲಸ್ಸಿನಲ್ಲಿ ಬಿದ್ದಳು. ಅವಳು ಹುಟ್ಟಿದಾಗಿನಿಂದ ಬಿದ್ದದ್ದು ಅದೇ ಮೊದಲು. ಸೂತ್ರಗಳೆಲ್ಲ ಬಾಯಿಪಾಠವಿದ್ದವು, ಗಿಣಿಯಂತೆ ಒಪ್ಪಿಸುತ್ತಿದ್ದಳು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ನಿಲ್ಲುತ್ತಿತ್ತು. ಊಟ ಬಿಟ್ಟಳು. ನನ್ನ ಮಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂತು ಮೆತ್ತಗೆ ಹೇಳಿದ:

"ನೋಡು ಮಗಾ, ಆಗದಿದ್ದದ್ದನ್ನ ಎಳೆದಾಡದು ಬ್ಯಾಡ. ಬೇಸಗೇಲಿ ಯೂನಿವರ್ಸಿಟಿ ಪರೀಕ್ಷೆ ಐತಲ್ಲ, ಅದನ್ನ ಒಂದ್ಸಲ ಬರಿ. ಪಾಸಾದ್ರೆ ಸೈ. ಲೆಕ್ಕದಲ್ಲಿ ಹೋಯ್ತೋ, ಅಲ್ಲಿಗೆ ಕಾಲೇಜು ಸಾಕು. ಮತ್ತೊಂದ್ಸಲ ಕಟ್ಟದು ಗಿಟ್ಟದು ಇಲ್ಲ. ನಿಮ್ಮಜ್ಜಿಗೂ ವಯಸ್ಸಾಯ್ತು."

"ನನ್ನ ಹೆಸರು ಯಾಕೆ ಎಳೀತೀಯೋ? ನಂಗೇನಾಗೈತೆ?" ಅಂದೆ. ಆದರೆ ಅವನು ಒಂದು ಸಲ ಹೇಳಿದರೆ ಹೇಳಿದ ಹಾಗೆ. ಅದು ಅವಳಿಗೂ ಗೊತ್ತಿತ್ತು.

ಅದಾದ ಮೇಲೆ ಒಂದು ದಿನ ಬೆಳಿಗ್ಗೆ ರೈಲಿನಲ್ಲಿ ಕೂತಿದ್ದೆವು. ಇಂಜಿನ್ನಿನ ಕರಿ ಹಾರಿ ಬಂದು ಕಣ್ಣಿಗೆ ಬೀಳುತ್ತದೆಂದು ನಾನು ಸೆರಗು ಅಡ್ಡ ಹಿಡಿದುಕೊಂಡಿದ್ದೆ. ಹುಡುಗಿ ಹೊರಗೆ ನೋಡುತ್ತಿದ್ದವಳು ತಿರುಗಿ, "ಅಜ್ಜಿ, ಒಂದು ವಿಷಯ ಕೇಳ್ಲಾ? ನಿಂಗೆ ಅರ್ಥ ಆಗಲ್ಲ, ಆದ್ರೂ ಕೇಳ್ತೀನಿ" ಅಂದಳು.

"ಕೇಳೇ. ಅರ್ಥ ಆಗದಿದ್ದದ್ದನ್ನ ಕೇಳಿ ಕೇಳಿನೇ ನನ್ನ ತಲೆ ಬೆಳ್ಳಗಾಗಿರೋದು."

"ಎಚ್ ಅಂತ ಒಂದು ಪುಟ್ಟ ಸಂಖ್ಯೆ ತಗೋತಾರೆ. ಅದರಿಂದ ಭಾಗಿಸ್ತಾರೆ. ಸೊನ್ನೆಯಿಂದ ಭಾಗಿಸಂಗಿಲ್ಲ ಅಲ್ವಾ, ಅದಕ್ಕೆ ಎಚ್ ಸೊನ್ನೆ ಅಲ್ಲ, ಸೊನ್ನೆ ಅಲ್ಲ ಅಂತ ಒತ್ತಿ ಒತ್ತಿ ಹೇಳ್ತಾರೆ. ಭಾಗಿಸಿದ್ದಾದ್ಮೇಲೆ, ಈಗ ಎಚ್ ಸೊನ್ನೆ ಅಂತ ಅದನ್ನ ಹೊಡೆದುಹಾಕಿಬಿಡ್ತಾರೆ. ಅಲ್ಲಜ್ಜಿ, ಆಗ ಸೊನ್ನೆ ಅಲ್ದೇ ಇದ್ದಿದ್ದು ಈಗ ಹೆಂಗೆ ಸೊನ್ನೆ ಆಯ್ತು?"

"ಇದೇನೇ ಇದು! ಕೆಲಸ ಮಾಡಿಸ್ಕೊಂಡು ಊಟಕ್ಕೆ ಕರೀದೆ ಕಳಿಸ್ದಂಗಾಯ್ತು."

ಅವಳು ಬಹಳ ದಿನಗಳ ಮೇಲೆ ನಕ್ಕಳು. "ಹಂಗೇ ಅಜ್ಜಿ. ಅದೊಂದು ತಿಳಿದ್ರೆ ಉಳಿದಿದ್ದೆಲ್ಲ ತಿಳಿಯುತ್ತೆ ಅನ್ಸುತ್ತೆ. ಆ ಜಾಗಕ್ಕೆ ಬಂದು ನಿಂತುಬಿಡ್ತೀನಿ."

"ಹಂಗಾದ್ರೆ ಮೇಷ್ಟ್ರನ್ನ ಕೇಳೇ."

"ಅಷ್ಟು ಹುಡುಗರ ಮುಂದೆ? ನಾನು ಕೇಳಲ್ಲಪ್ಪ. ಕೇಳಿದ್ರೂ ಏನು, ಮೇಷ್ಟ್ರಿಗೂ ಗೊತ್ತಿಲ್ಲ ಅನ್ಸುತ್ತೆ. ಗೊತ್ತಿದ್ದಿದ್ರೆ ಆ ಜಾಗ ಬಂದಾಗ ಅಷ್ಟು ಬೇಗ ಬೋರ್ಡು ಒರೆಸ್ತಿರಲಿಲ್ಲ."

ಇಲ್ಲಿ ನಮ್ಮ ಮನೆಗಳ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಸೊಸೆ ಮಾವನ ಎದುರಿಗೆ ನಿಂತು ಮಾತಾಡುವುದಿಲ್ಲ. ಅವಳಿಗೆ ಏನು ಬೇಕೋ ಅದನ್ನು ಅತ್ತೆಗೆ ಹೇಳುತ್ತಾಳೆ, ಅತ್ತೆ ಅದನ್ನು ಮಾವನಿಗೆ ಮುಟ್ಟಿಸುತ್ತಾಳೆ. ನಮ್ಮ ಯಜಮಾನರು ಇದ್ದಷ್ಟು ಕಾಲ ನನ್ನ ಸೊಸೆಯ ಮಾತುಗಳನ್ನೆಲ್ಲ ನಾನೇ ಮುಟ್ಟಿಸಿದ್ದೇನೆ. ತವರಿಗೆ ಹೋಗುವ ಮಾತು, ಮಗುವಿಗೆ ಜ್ವರದ ಮಾತು, ಸೀಗೆಕಾಯಿ ಮುಗಿದ ಮಾತು. ಇದಕ್ಕೆ ಒಂದು ನೇಮವಿದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಮುಟ್ಟಿಸಬೇಕು. ಸೇರಿಸಿದರೆ ಚಾಡಿ, ಬಿಟ್ಟರೆ ಮೋಸ. ಆ ನೇಮ ನಾನು ಎಂದೂ ತಪ್ಪಿದವಳಲ್ಲ. ಹುಡುಗಿ ಮೇಷ್ಟ್ರ ಎದುರು ಬಾಯಿ ಬಿಡಲಾರೆ ಅಂದಾಗ ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ನಡುವೆ ಒಬ್ಬ ದೊಡ್ಡವಳು ಬೇಕು, ಅಷ್ಟೇ ತಾನೆ. ನಾನಿದ್ದೇನಲ್ಲ.

ಆ ದಿನ ಕ್ಲಾಸಿನ ಕೊನೆಗೆ ಮೇಷ್ಟ್ರು ಎಂದಿನಂತೆ, "ಡೌಟ್ಸ್ ಇದೆಯಾ?" ಅಂದರು. ನಾನು ಹತ್ತಿಯ ಗಂಟು ಕೆಳಗಿಟ್ಟು ಎದ್ದೆ, ಕಿಟಕಿಯ ಸರಳು ಹಿಡಿದುಕೊಂಡೆ.

"ಇದೆ ಸ್ವಾಮಿ" ಅಂದೆ.

ಇಡೀ ಕ್ಲಾಸು ಕಿಟಕಿಯ ಕಡೆ ತಿರುಗಿತು. ನಾನು ಹುಡುಗಿಯ ಮಾತನ್ನು ಒಂದು ಅಕ್ಷರ ಆಚೀಚೆ ಮಾಡದೆ ಮುಟ್ಟಿಸಿದೆ. ಎಚ್ ಸೊನ್ನೆ ಅಲ್ಲ ಅನ್ನುತ್ತೀರಿ, ಭಾಗಿಸುತ್ತೀರಿ, ಆಮೇಲೆ ಅದನ್ನೇ ಸೊನ್ನೆ ಅನ್ನುತ್ತೀರಿ, ಅದು ಹೇಗೆ? ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಿಟ್ಟರೆ ಮೋಸವಲ್ಲವೇ? ಅದಕ್ಕೆ ಉಳಿದದ್ದನ್ನೂ ಹೇಳಿದೆ: "ಮೇಷ್ಟ್ರಿಗೂ ಗೊತ್ತಿಲ್ಲ ಅನ್ಸುತ್ತೆ, ಗೊತ್ತಿದ್ದಿದ್ರೆ ಆ ಜಾಗ ಬಂದಾಗ ಅಷ್ಟು ಬೇಗ ಬೋರ್ಡು ಒರೆಸ್ತಿರಲಿಲ್ಲವಂತೆ."

ಹುಡುಗರ ನಗು ಹೆಂಚು ಹಾರುವ ಹಾಗಿತ್ತು. ಹಿಂದಿನ ಬೆಂಚಿನಿಂದ ಯಾವನೋ, "ಅಜ್ಜಿಗೂ ಒಂದು ಸೀಟು ಕೊಡಿ ಸಾರ್!" ಅಂದ. ನಮ್ಮ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಬಗ್ಗಿಬಿಟ್ಟಳು. ಮೇಷ್ಟ್ರ ಮುಖ ಕೆಂಪಾಯಿತು. ಆಗ ನನಗೆ, ಇಲ್ಲಿನ ನೇಮ ಬೇರೆ ಇರಬಹುದು ಅನ್ನಿಸಿತು.

ಆದರೆ ಆ ಮನುಷ್ಯ ದೊಡ್ಡವನು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಅದನ್ನು ಮೇಜಿನ ಮೇಲಿಟ್ಟು ಹುಡುಗರ ಕಡೆ ತಿರುಗಿದರು.

"ನಗಬೇಡ್ರೋ. ಉತ್ತರ ಗೊತ್ತಿರೋರು ಎದ್ದು ನಿಂತು ಹೇಳಿ, ಆಮೇಲೆ ನಗೋಣ." ಒಬ್ಬನೂ ಏಳಲಿಲ್ಲ. "ಅಜ್ಜೀ, ಪ್ರಶ್ನೆ ಯಾರದ್ದು?"

"ಮುಂದಿನ ಬೆಂಚಿನ ತುದೀಲಿ ಮುಖ ಮುಚ್ಕೊಂಡು ಕುಂತೈತಲ್ಲ, ಅದರದ್ದು. ನಂದು ಬರೀ ಮುಟ್ಟಿಸೋ ಕೆಲಸ."

"ಒಳ್ಳೇ ಪ್ರಶ್ನೆ ಕಣಮ್ಮಾ" ಅಂದರು ಅವಳಿಗೆ. "ನಾನು ಓದೋವಾಗ ನನ್ನನ್ನೂ ಇದು ಕೊರೀತಿತ್ತು. ನಾನೂ ಯಾರನ್ನೂ ಕೇಳಲಿಲ್ಲ. ಇನ್ನು ಬೋರ್ಡು ಬೇಗ ಒರೆಸ್ತಿದ್ದಿದ್ದು ನಿಜ. ಪಾಠ ಮುಗಿಸೋ ಅವಸರ. ಇವತ್ತು ಒರೆಸಲ್ಲ, ಕೂತ್ಕೊಳಿ ಎಲ್ರೂ."

ಆಮೇಲೆ ಪೂರ್ತಿ ಕನ್ನಡದಲ್ಲಿ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ. ರೈಲು ಹಳಿಯ ಪಕ್ಕದಲ್ಲಿ ತಂತಿಕಂಬಗಳಿವೆಯಲ್ಲ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ದೂರ, ರೈಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಭಾಗಿಸಿದರೆ ವೇಗ ಸಿಗುತ್ತದೆ. ಆದರೆ ಅದು ಎರಡು ಕಂಬಗಳ ನಡುವಿನ ಒಟ್ಟು ವೇಗ. ಸರಿಯಾಗಿ ಮೊದಲನೇ ಕಂಬದ ಹತ್ತಿರ ಇದ್ದಾಗ ಎಷ್ಟು ಜೋರಾಗಿತ್ತು? ಅದಕ್ಕೆ ಎರಡನೇ ಕಂಬವನ್ನು ಹತ್ತಿರ ತರಬೇಕು, ಇನ್ನೂ ಹತ್ತಿರ, ಇನ್ನೂ ಹತ್ತಿರ. ಒಂದರ ಮೇಲೆ ಒಂದು ನೆಟ್ಟರೆ ಮಾತ್ರ ಕೆಟ್ಟಿತು. ಆಗ ದೂರವೂ ಇಲ್ಲ, ಹೊತ್ತೂ ಇಲ್ಲ, ಭಾಗಿಸಲು ಏನೂ ಇಲ್ಲ.

"ಎರಡು ಕಂಬದ ನಡುವಿನ ಸಂದಿ ದಾಟೋಕೆ ಹಿಡಿಯೋ ಹೊತ್ತು ಇದೆಯಲ್ಲ, ಅದೇ ಎಚ್" ಅಂದರು. "ಅದು ಸೊನ್ನೆ ಆಗೋದೇ ಇಲ್ಲ. ನಾವು ಮಾಡೋದೂ ಇಲ್ಲ. ಅದು ಚಿಕ್ಕದಾಗ್ತಾ ಚಿಕ್ಕದಾಗ್ತಾ ಬಂದಂಗೆ ಉತ್ತರ ಯಾವ ಸಂಖ್ಯೆ ಕಡೆಗೆ ಹೋಗ್ತಾ ಇದೆ, ಅದನ್ನ ನೋಡ್ತೀವಿ. ಆ ಸಂಖ್ಯೇನೇ ನಮಗೆ ಬೇಕಾದ್ದು. ಎಚ್ ಸೊನ್ನೆ ಅಂತ ಬರೆಯೋದು ಕೈಯ ಸೋಮಾರಿತನ, ಅಷ್ಟೇ."

ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಕೈ ಮುಖದಿಂದ ಇಳಿದಿತ್ತು. ಕೋಪದಲ್ಲಿ ಮೂಗು ಕೆಂಪಾಗಿಯೇ ಇತ್ತು, ಆದರೆ ಕಣ್ಣು ಬೋರ್ಡನ್ನು ಬಿಟ್ಟು ಅಲುಗುತ್ತಿರಲಿಲ್ಲ. ಬೆಣ್ಣೆ ಬರುವ ಹೊತ್ತಿಗೆ ಮಜ್ಜಿಗೆ ಕಡೆಯುವವಳ ಮುಖ ಹೇಗಿರುತ್ತದೆ, ಹಾಗಿತ್ತು ಅವಳ ಮುಖ.

ಕಣ್ಣಿನ ಮಾತು ಅದು. ಬಾಯಿಯ ಮಾತು ಬೇರೆ. ಸಂಜೆ ರೈಲಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಎದುರಿಗೆ ಕೂತಳು. ಬುತ್ತಿಯೂ ಉಂಡಿರಲಿಲ್ಲ. ಬೀರೂರು ಬಿಟ್ಟ ಮೇಲೆ ಬಾಯಿ ಬಿಟ್ಟಳು.

"ನಾಳೆಯಿಂದ ನೀನು ಬರಬ್ಯಾಡ."

"ನಾನು ಬರ್ದಿದ್ರೆ ನಿಮ್ಮಪ್ಪ ನಿನ್ನ ಕಳಿಸ್ತಾನಾ?"

ಅವಳ ಕಣ್ಣಲ್ಲಿ ನೀರು ನಿಂತಿತು. "ನಾನು ನಿಂಗೆ ಹೇಳಿದ್ದು ಅಜ್ಜಿ, ಅವರಿಗಲ್ಲ. ಅದನ್ನೂ ಹೇಳಬೇಕಾಗಿತ್ತಾ, ಮೇಷ್ಟ್ರಿಗೆ ಗೊತ್ತಿಲ್ಲ ಅಂದಿದ್ದು?"

"ನೀನು ಅದನ್ನ ಬಿಟ್ಟು ಹೇಳು ಅಂದಿರಲಿಲ್ಲವಲ್ಲೇ."

ಅದಕ್ಕೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಊರಿನ ಸ್ಟೇಷನ್ನಿನಲ್ಲಿ ಇಳಿಯುವಾಗ ನನ್ನ ಕೈ ಹಿಡಿದು ಇಳಿಸಿಕೊಂಡಳು. ಇಳಿಸಿಕೊಂಡು ಒಂದು ಕರಾರು ಹಾಕಿದಳು. "ಬಾ. ಆದ್ರೆ ಕಿಟಕಿ ಹತ್ರ ಕೂರಂಗಿಲ್ಲ. ಗೇಟಿನ ಹತ್ರ ಬೇವಿನ ಮರ ಐತಲ್ಲ, ಅಲ್ಲಿ ಕೂರು. ನನ್ನ ಮಾತು ನಾನೇ ಕೇಳ್ಕೋತೀನಿ."

"ಆಗ್ಲಿ ತಾಯಿ" ಅಂದೆ. ನನಗೆ ಬೇಕಾದ್ದೂ ಅದೇ ಆಗಿತ್ತು ಅಂತ ಈಗ ಹೇಳಬಹುದು. ಆಗ ಮಾತ್ರ ಗೋಣಿಚೀಲ ಬಿಟ್ಟು ಹೋಗಬೇಕಲ್ಲ ಅಂತ ಬೇಜಾರಾಗಿತ್ತು.

ಬೇವಿನ ಮರದ ಕೆಳಗೆ ಕೂತರೆ ಕ್ಲಾಸಿನ ಮಾತು ಕೇಳುವುದಿಲ್ಲ. ಹೂಬತ್ತಿ ಮಾತ್ರ ಬೇಗ ಮುಗಿಯುತ್ತದೆ. ಆದರೆ ಜವಾನ ಆಗಾಗ ಬಂದು ಸುದ್ದಿ ಹೇಳಿ ಹೋಗುತ್ತಿದ್ದ. "ಅಜ್ಜೀ, ಇವತ್ತು ನಿಮ್ಮ ಹುಡುಗಿ ಎದ್ದು ನಿಂತು ಕೇಳಿದ್ಲು." "ಅಜ್ಜೀ, ಇವತ್ತೂ ಕೇಳಿದ್ಲು, ಬೆಲ್ ಹೊಡೆದ್ರೂ ಬಿಡ್ಲಿಲ್ಲ." ಕೊನೆಕೊನೆಗೆ, "ಏನಜ್ಜೀ, ಮೇಷ್ಟ್ರಿಗೆ ಕಾಫಿ ಕುಡಿಯೋಕೂ ಬಿಡಲ್ಲ ನಿಮ್ಮ ಹುಡುಗಿ" ಅಂತ ನನ್ನ ಮೇಲೇ ದೂರು ತಂದ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವಳ ಬೆಂಚಿನ ಉಳಿದಿಬ್ಬರು ಹುಡುಗಿಯರೂ ಮರದ ಕೆಳಗೆ ಬರತೊಡಗಿದರು. ನಮ್ಮವಳು ರೊಟ್ಟಿ ಮುರಿಯುತ್ತಾ ಅವರಿಗೆ ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಬಾಗಿದ ಗೆರೆಯೊಂದು, ಅದನ್ನು ಒಂದೇ ಕಡೆ ಸವರಿ ಹೋಗುವ ನೇರ ಗೆರೆಯೊಂದು. ಅಜ್ಜಿಗೂ ಒಂದು ಸೀಟು ಅಂದಿದ್ದ ಹುಡುಗ ಒಂದು ದಿನ ಸ್ವಲ್ಪ ದೂರದಲ್ಲಿ ನಿಂತುಕೊಂಡು, "ಅಜ್ಜೀ, ಆ ಮೂರನೇ ಲೆಕ್ಕ ಹೆಂಗೆ ಅಂತ ಕೇಳಿ ಹೇಳ್ತೀರಾ?" ಅಂದ.

"ಮುಟ್ಟಿಸೋ ಕೆಲಸ ಬಿಟ್ಟಿದೀನಿ ಕಣಪ್ಪಾ, ನೀನೇ ಕೇಳು" ಅಂದೆ. ಕೇಳಿದ. ಅವಳೂ ಹೇಳಿಕೊಟ್ಟಳು, ಕಡ್ಡಿಯನ್ನು ಅವನ ಕೈಗೇ ಕೊಟ್ಟು.

ಕಿಟಕಿಯ ಸಂಗತಿ ನನ್ನ ಮಗನ ಕಿವಿಗೂ ಬಿತ್ತು. ರೈಲಿನಲ್ಲಿ ಓಡಾಡುವವರು ಅಂಗಡಿಗೆ ಹೋಗಿ ಹೇಳದೆ ಇರುತ್ತಾರೆಯೇ? ಮನೆಗೆ ಬಂದು ಕೂಗಾಡಿದ. "ಅವ್ವಾ, ಕಾಲೇಜಿಗೆ ಸೇರಿಸಿದ್ದು ಅವಳನ್ನ, ನಿನ್ನನ್ನಲ್ಲ!" ಸೊಸೆ ಒಳಗಿನಿಂದ, "ಫೀಜು ಒಬ್ರುದ್ದು ಕಟ್ಟಿದ್ದಕ್ಕೆ ಇಬ್ರು ಕಲ್ತ್ರೆ ಲಾಭ ಅಲ್ವಾ?" ಅಂದಳು. ಲಾಭದ ಮಾತು ಕೇಳಿ ವ್ಯಾಪಾರಸ್ಥ ಕೂಗಾಟ ಬಿಟ್ಟು ಕೈಕಾಲು ತೊಳೆಯಲು ಹೋದ. ಆದರೆ ಪರೀಕ್ಷೆಯ ಕರಾರು ಸಡಿಲಿಸಲಿಲ್ಲ. ಒಂದು ಸಲ ಅಂದರೆ ಒಂದೇ ಸಲ.

ಪರೀಕ್ಷೆಯ ದಿನ ಹುಡುಗಿ ಹಣೆಗೆ ವಿಭೂತಿ ಇಟ್ಟುಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಮುಖ ಅತ್ತ ಚೆನ್ನಾಗೂ ಇಲ್ಲ, ಇತ್ತ ಬಾಡಿಯೂ ಇಲ್ಲ. ಎಚ್ ಹಿಡಿದು ಮೊದಲಿನಿಂದ ಮಾಡುವ ಲೆಕ್ಕ ಬಂದಿತ್ತಂತೆ, ಅದನ್ನು ಎರಡು ಪುಟ ಬರೆದಳಂತೆ. ಆದರೆ ಕೊನೆಯ ದೊಡ್ಡ ಲೆಕ್ಕವೊಂದು ಅರ್ಧಕ್ಕೇ ನಿಂತಿತಂತೆ. "ಪಾಸಾಗ್ತೀನೋ ಇಲ್ವೋ ಗೊತ್ತಿಲ್ಲ ಅಜ್ಜಿ. ಆದ್ರೆ ಈ ಸಲ ಬಾಯಿಪಾಠ ಬರೀಲಿಲ್ಲ" ಅಂದಳು. ಆ ಮಾತಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಆದರೂ ಅಂದಿನಿಂದ ನಿನ್ನೆಯವರೆಗೆ ಮನೆಯಲ್ಲಿ ಯಾರೂ ಕಾಲೇಜಿನ ಮಾತೆತ್ತಲಿಲ್ಲ. ಹುಡುಗಿ ಅಡುಗೆಮನೆಯಲ್ಲಿ ಹೆಚ್ಚು ಕೆಲಸ ಮಾಡತೊಡಗಿದಳು. ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ನಿನ್ನೆ ಕಾಲೇಜಿನ ಗೋಡೆಗೆ ಫಲಿತಾಂಶ ಅಂಟಿಸುತ್ತಾರೆಂದು ಸುದ್ದಿ ಬಂತು. ಹುಡುಗಿ ತಾನು ಹೋಗುವುದಿಲ್ಲ ಅಂದಳು. ನನ್ನ ಮಗ ಅಂಗಿ ತೊಟ್ಟು ತಾನೇ ರೈಲು ಹತ್ತಿದ. ನಾವು ಹೆಂಗಸರು ಇಡೀ ದಿನ ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆವು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆವು.

ಸಂಜೆ ರೈಲಿನ ಸಿಳ್ಳು ಕೇಳಿಸಿತು. ಹುಡುಗಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಜಗುಲಿಯ ಮೇಲೆ ನಿಂತೆ. ಬೀದಿಯ ತಿರುವಿನಲ್ಲಿ ಮಗ ಕಾಣಿಸಿದ. ಭುಜದ ಮೇಲೆ ಮಾವಿನಹಣ್ಣಿನ ಬುಟ್ಟಿ! ಫೇಲಾದದ್ದಕ್ಕೆ ಯಾರು ಮಾವಿನಹಣ್ಣು ತರುತ್ತಾರೆ? ನನ್ನ ಕಣ್ಣು ಮಂಜಾಗಿ ಅವನು ಮೆಟ್ಟಿಲು ಹತ್ತಿದ್ದೇ ಕಾಣಲಿಲ್ಲ.

"ಎಲ್ಲದ್ರಲ್ಲೂ ಪಾಸು ಕಣವ್ವಾ" ಅಂದ, ಓಡಿ ಬಂದವನ ಹಾಗೆ ಏದುತ್ತಾ. "ಲೆಕ್ಕದಲ್ಲಿ ಫಸ್ಟ್ ಕ್ಲಾಸ್ ನಂಬರು. ನಂಗೆ ನಂಬಿಕೆ ಬರ್ಲಿಲ್ಲ. ಅಲ್ಲೇ ನಿಂತಿದ್ದ ಮೇಷ್ಟ್ರ ಕೈಲಿ ಓದಿಸ್ದೆ. ಈ ಹುಡುಗೀನ ಲೆಕ್ಕ ಬಿಡಿಸಬೇಡಿ ಅಂದ್ರು ಅವ್ರು. ಎಲ್ಲಿ ಅವಳು?"

ಬಾಗಿಲು ತೆರೆಯಿತು. ಹುಡುಗಿ ಅಲ್ಲೇ ನಿಂತಿದ್ದಳು, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ಅಪ್ಪಾಜಿ, ಹಂಗಾದ್ರೆ ಎರಡನೇ ವರ್ಷಕ್ಕೆ..."

"ಪಾಸಾದೋಳು ಎರಡನೇ ವರ್ಷಕ್ಕೆ ಹೋಗ್ದೆ ಇನ್ನೆಲ್ಲಿಗೆ ಹೋಗ್ತಾಳೆ? ಹೋಗು, ಹಣ್ಣು ನೀರಿಗೆ ಹಾಕು."

ಅವಳು ಹಣ್ಣು ನೀರಿಗೆ ಹಾಕಲಿಲ್ಲ. ಅಪ್ಪನ ಭುಜಕ್ಕೆ ಮುಖ ಒತ್ತಿ ಅತ್ತಳು. ಅವನು ಬುಟ್ಟಿ ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನಾನೇ ಇಸಿದುಕೊಂಡೆ.

ಮಾವಿನಹಣ್ಣು ಬಂದ ಮೇಲೆ ಒತ್ತುಶಾವಿಗೆ ಆಗಲೇಬೇಕು. ಸೊಸೆ ಅಕ್ಕಿಹಿಟ್ಟಿಗೆ ಎಸರಿಟ್ಟಳು. ಅಟ್ಟದ ಮೇಲಿನ ಶಾವಿಗೆ ಒರಳನ್ನು ಮಗ ಇಳಿಸಿ ತೊಳೆದ. ಹುಡುಗಿ ಬೆಂದ ಉಂಡೆಗಳನ್ನು ಬಿಸಿಬಿಸಿಯಾಗಿ ಒರಳಿಗೆ ಹಾಕಿದಳು. ಮಗ ಒರಳಿನ ಹಿಡಿಯ ಮೇಲೆ ಮೈಭಾರ ಹಾಕಿ ಒತ್ತಿದ. ಎಳೆ ಸುರಿಯುವುದನ್ನು ನೋಡುತ್ತಾ ಮೊಮ್ಮಗ, "ನಂಗೇ ಮೊದ್ಲು, ನಂಗೇ ಮೊದ್ಲು" ಅಂತ ಕುಣಿದ. ನಾನು ಹಣ್ಣು ಹಿಂಡಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿಹಾಕಿ ಸೀಕರಣೆ ಮಾಡಿದೆ.

ಬೇರೆ ದಿನ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುತ್ತೇವೆ. ನಿನ್ನೆ ಸೊಸೆ ಯಾರನ್ನೂ ಕೇಳದೆ ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಐದು ತಟ್ಟೆ ಇಟ್ಟಳು. ಮಗ ನೋಡಿದ, ತನ್ನ ತಟ್ಟೆಯನ್ನು ಎಳೆದುಕೊಂಡು ಮಗಳ ಪಕ್ಕಕ್ಕೆ ಕೂತ. ಶಾವಿಗೆಯ ಪಾತ್ರೆ ಕೈಯಿಂದ ಕೈಗೆ ಹೋಯಿತು.

"ಎರಡನೇ ವರ್ಷದಲ್ಲೂ ಆ ಎಚ್ ಇರ್ತದಾ?" ಅಂತ ಮಗ ಕೇಳಿದ.

"ಇರ್ತದೆ ಅಪ್ಪಾಜಿ. ಇನ್ನೂ ದೊಡ್ಡದೊಡ್ಡ ಲೆಕ್ಕ ಇರ್ತವೆ" ಅಂದಳು ಹುಡುಗಿ, ತುಂಬಿದ ಬಾಯಲ್ಲೇ.

"ಮೊದ್ಲು ಉಣ್ಣು" ಅಂದ ಅವನು. ಅವಳ ತಟ್ಟೆಗೆ ಇನ್ನೊಂದು ಸೌಟು ಸೀಕರಣೆ ಬಡಿಸಿದ. ಎಲ್ಲರೂ ಉಂಡೆವು, ಪಾತ್ರೆಯ ತಳ ಕಾಣುವವರೆಗೆ.